ರಕ್ತನಿಧಿಯ ಸುನಂದಾ ಮೇಡಂ

ಸಿಟ್ಟು ಬಂದರೆ ಸುನಂದಾ ಮೇಡಂ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ತುಟಿ ನೋಡಿಯೇ ಮಾತು ತಿಳಿದುಕೊಳ್ಳಬೇಕಾಗುತ್ತಿತ್ತು. ಜಮಖಂಡಿಯ ಸಣ್ಣ ರಕ್ತನಿಧಿಯೊಂದರಲ್ಲಿ ಅವರು ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದರು. ನಾನು ಪಕ್ಕದ ಲ್ಯಾಬಿನಲ್ಲಿ ಟೆಕ್ನಿಷಿಯನ್. ಅವರ ಡ್ರಾಯರಿನಲ್ಲಿ ಸದಾ ಮಹಾಲಿಂಗಪುರದ ಬೆಲ್ಲ ಇರುತ್ತಿತ್ತು. ರಕ್ತ ಕೊಟ್ಟು ತಲೆ ತಿರುಗಿದವರ ಬಾಯಿಗೆ ಒಂದು ಚೂರು ಹಾಕಿ ಕೂರಿಸುತ್ತಿದ್ದರು.

ಆ ವರ್ಷ ಹೊಸ ಡೇಟಾಬೇಸ್ ಬಂತು. ಮುಧೋಳ, ಬೀಳಗಿಯ ಆಸ್ಪತ್ರೆಗಳು ಬ್ರೌಸರಿನಲ್ಲಿ ವಿಳಾಸ ಹೊಡೆದರೆ ಸಾಕು, ಯಾವ ಗುಂಪಿನ ರಕ್ತ ಇದೆಯೆಂದು, ವೆಬ್ ಪುಟಗಳು ಬರುವ ಎಚ್‌ಟಿಟಿಪಿ ದಾರಿಯಲ್ಲೇ, ನೇರವಾಗಿ ಹೇಳುವ ಸೌಲಭ್ಯ ಅದರಲ್ಲಿತ್ತು. ನಡುವೆ ಬೇರೆ ಸಾಫ್ಟ್‌ವೇರ್ ಬೇಕಿರಲಿಲ್ಲ. ಆಡಳಿತ ಮಂಡಳಿಗೆ ಹಿಡಿಸಿತು. ಮೇಡಂ ಒಬ್ಬರೇ ಬೇಡ ಎಂದರು. ಪರೀಕ್ಷೆಯಾಗದ ರಕ್ತವನ್ನು ನಮ್ಮ ಸಾಫ್ಟ್‌ವೇರ್ ತೋರಿಸುವುದಿಲ್ಲ, ಡೇಟಾಬೇಸಿಗೆ ಆ ವಿವೇಕವಿಲ್ಲ, ಕೇಳಿದ್ದನ್ನೆಲ್ಲ ಕೊಟ್ಟುಬಿಡುತ್ತದೆ ಎಂದು ಸಭೆಯಲ್ಲಿ ವಿವರಿಸಿದರು. ಅವರು ರಜೆಯಲ್ಲಿದ್ದ ದಿನ ಡೇಟಾಬೇಸ್ ಕಂಪನಿಯವನು ಬಂದು ಆ ಸೌಲಭ್ಯ ಚಾಲೂ ಮಾಡಿ ಹೋದ.

ಒಂದು ಮಧ್ಯಾಹ್ನ ಮುಧೋಳದಿಂದ ಒಬ್ಬ ಬೈಕಿನಲ್ಲಿ ಬಂದ. ತಂಗಿಗೆ ಹೆರಿಗೆಯಾಗಿ ರಕ್ತ ನಿಲ್ಲುತ್ತಿರಲಿಲ್ಲ. ಅವಳದು ಓ ನೆಗೆಟಿವ್. ನಮ್ಮಲ್ಲಿ ಒಂದು ಚೀಲ ಇರುವುದನ್ನು ಪರದೆಯಲ್ಲಿ ನೋಡಿಯೇ ಅಲ್ಲಿಯ ಡಾಕ್ಟರು ಅವನನ್ನು ಕಳಿಸಿದ್ದರು. ಚೀಲ ಇತ್ತು. ಪರೀಕ್ಷೆ ಆಗಿರಲಿಲ್ಲ.

“ಐತಿ ಅಂತ ಕಂಪ್ಯೂಟರ್ ಹೇಳತೈತಲ್ರೀ,” ಎಂದ ಅವನು. “ಮತ್ಯಾಕ ಕೊಡವಲ್ರಿ?”

ಮೇಡಂ ದನಿ ಇಳಿಯಿತು. “ಚೀಲ ಐತ್ರಿ, ಖರೆ. ಅದ್ರಾಗ ಏನೈತಿ ಅನ್ನೂದು ನಮಗಿನ್ನೂ ಗೊತ್ತಿಲ್ಲ.”

ನಾನು ಪರೀಕ್ಷೆಗೆ ಕುಳಿತೆ. ಅವನು ಗಾಜಿನ ಬಾಗಿಲಿಗೆ ಹಣೆ ಒತ್ತಿ ನಿಂತಿದ್ದ. ಆಸ್ಪತ್ರೆಯಿಂದ ಫೋನು ಮೇಲಿಂದ ಮೇಲೆ ಬಡಿದುಕೊಳ್ಳುತ್ತಿತ್ತು. ಫಲಿತಾಂಶ ಬಂತು: ಆ ರಕ್ತದಲ್ಲಿ ಕಾಮಾಲೆಯ ಸೋಂಕು. ಹೇಳಲು ಹೊರಗೆ ಬಂದರೆ, ಮೇಡಂ ಅದಕ್ಕೆ ಕಾಯದೆ ಅದೇ ಗುಂಪಿನ, ಬನಹಟ್ಟಿಯ ನೇಕಾರನೊಬ್ಬನನ್ನು ಆಗಲೇ ಕರೆಸಿದ್ದರು. ಮಗ್ಗ ನಿಲ್ಲಿಸಿ ಬಂದವನ ತಲೆಯ ಮೇಲೆ ಇನ್ನೂ ಹತ್ತಿಯ ಧೂಳಿತ್ತು. ಅವನ ರಕ್ತವನ್ನೂ ಪರೀಕ್ಷಿಸಿದೆ, ದೋಷವಿರಲಿಲ್ಲ. ಅದು ಮುಧೋಳ ಮುಟ್ಟಿತು. ತಾಯಿ, ಮಗು ಉಳಿದರು. ಆದರೆ ಅಷ್ಟರಲ್ಲಿ ಅವಳ ಗರ್ಭಕೋಶ ತೆಗೆಯಬೇಕಾಗಿತ್ತು.

ಮೇಡಂ ಅಂದೇ ಆ ಸೌಲಭ್ಯ ಬಂದ್ ಮಾಡಿದರು. ಮರುದಿನ ಮುಧೋಳದ ಡಾಕ್ಟರು ಫೋನಿನಲ್ಲಿ ಬೈದರು. ಹೊತ್ತಿಗೆ ನಿಮ್ಮ ಫೋನು ಎತ್ತುವವರೇ ಇಲ್ಲ, ಇದನ್ನೂ ಮುಚ್ಚಿದರೆ ನಾವು ಯಾರನ್ನು ಕೇಳಬೇಕು ಎಂದರು. ಮೇಡಂ ಊಟ ಬಿಟ್ಟು ಕೂತು ತಾವೇ ಒಂದು ವೆಬ್ ಪುಟ ಬರೆದರು: ಪರೀಕ್ಷೆಯಾದ ರಕ್ತವಷ್ಟೇ ಕಾಣುವಂಥದ್ದು. ಯಾರು ಬೇಕಾದರೂ ನೋಡಬಹುದು, ಯಾರೂ ತಿದ್ದುವಂತಿಲ್ಲ.

ನಿವೃತ್ತರಾದ ಮೇಲೆ ಒಮ್ಮೆ ಮಹಾಲಿಂಗಪುರದ ಬಸ್ ನಿಲ್ದಾಣದಲ್ಲಿ ಸಿಕ್ಕರು. ಸೊರಗಿದ್ದರು. ಆ ಪುಟ ಇನ್ನೂ ನಡೆದಿದೆಯೇ ಎಂದು ಕೇಳಿದರು. ಹೌದೆಂದೆ.

“ಆ ಡಾಕ್ಟರ್ ಅಂದಿದ್ದೂ ಬರೋಬ್ಬರಿ ಇತ್ತು,” ಎಂದರು. “ಬ್ಯಾಡ ಅಂದು ಸುಮ್ನ ಕುಂತಿದ್ದೆ ನಾ. ಆ ಪುಟ ಮೊದಲ ಮಾಡಿಕೊಟ್ಟಿದ್ರ ಆಗ್ತಿತ್ತು.”

ರಬಕವಿ ಬಸ್ಸು ಬಂತು, ಹತ್ತಿದರು. ಅವರು ತೀರಿಕೊಂಡ ಸುದ್ದಿ ಬಂದಾಗ ನನ್ನ ಮುಂದೆ ಪರೀಕ್ಷೆಯಾಗಬೇಕಾದ ಚೀಲಗಳಿದ್ದವು. ಮುಗಿಸಿಯೇ ಹೊರಟೆ. ನಾನು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಜನ ತಿರುಗಿ ಬರುತ್ತಿದ್ದರು.