ಸೂತ್ರ ಇಲ್ಲ, ಸೊನ್ನೆ

ಬೆಂಚಿನ ಮೇಲೆ ಹಿಕ್ಕೆ ಕಂಡ ಕೂಡಲೇ ಮುಖ್ಯ ತೀರ್ಪುಗಾರರು ಮೂಗಿಗೆ ಕರ್ಚೀಫು ಹಿಡಿದರು. (ಕುರಿ ಹಿಕ್ಕೆ, ಒಣಗಿದ್ದು. ವಾಸನೆ ಅವರ ಮನಸ್ಸಿನಲ್ಲಿತ್ತು.)

ಕಳೆದ ವಾರ ಮೂಡಲಗಿಯಲ್ಲಿ ಹೈಸ್ಕೂಲು ಮಕ್ಕಳ ವಿಜ್ಞಾನ ಸ್ಪರ್ಧೆ. ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬ. ಬೆಳಗಾವಿಯ ಜಿಲ್ಲಾ ಸ್ಪರ್ಧೆಗೆ ಹೋಗಲು ಇಲ್ಲಿಂದ ಒಂದೇ ಸೀಟು. ಕಲ್ಲೋಳಿಯ ಲಕ್ಕವ್ವ, ಕುರಿ ಕಾಯುವವರ ಮನೆಯ ಒಂಬತ್ತನೇ ಕ್ಲಾಸಿನ ಹುಡುಗಿ, ಅದಕ್ಕೆಂದೇ ಬಂದಿದ್ದಳು.

ಸೀಮೆಸುಣ್ಣದಲ್ಲಿ ಕುರಿದೊಡ್ಡಿ ಬರೆದಳು. ಒಳಗೆ ಜೋಳದ ಕಾಳು: ಗಟ್ಟಿಮುಟ್ಟಾದ ಕುರಿ. ನಡುವೆ ಒಂದು ಹಿಕ್ಕೆ: ಬೇನೆಯ ಕುರಿ. ದಿನದ ಲೆಕ್ಕದಲ್ಲಿ ಕಾಳು ತೆಗೆದು ಹಿಕ್ಕೆ ಇಡುತ್ತ ಹೋದಳು. ಇವತ್ತು ಹೊಸದಾಗಿ ಎಷ್ಟಕ್ಕೆ ಬೇನೆ ತಗಲುತ್ತದೆ? ಬೇನೆ ಬಿದ್ದವು ಎಷ್ಟು, ಉಳಿದವು ಎಷ್ಟು, ಎಷ್ಟು ಒತ್ತಾಗಿ ನಿಂತಿವೆ, ಮೂರನ್ನೂ ಗುಣಿಸಬೇಕು ಅಂದಳು. ಹೋದ ಮಳೆಗಾಲದಲ್ಲಿ ತಮ್ಮ ಹಿಂಡಿಗೆ ಬೇನೆ ಬಂದಾಗ ಹೀಗೇ ಲೆಕ್ಕ ಹಾಕಿದ್ದಳಂತೆ. ಎರಡು ಕುರಿಯಷ್ಟು ತಪ್ಪಿತ್ತು ಅಂತ ತಾನೇ ಒಪ್ಪಿಕೊಂಡಳು.

ಆಮೇಲೆ ಬಂತು ನೋಡಿ ಮಾತು.

"ಕುರಿ ತಗದು ಮಂದಿ ಇಡ್ರಿ ಸರ. ಬೇನಿ ತಗದು ಸುಳ್ಳ ಸುದ್ದಿ ಇಡ್ರಿ. ಲೆಕ್ಕ ಅದ ಐತಿ."

ನಾನು ದಂಗು. ಪಶುವೈದ್ಯರ ಶಾಸ್ತ್ರ ಬೇರೆ, ಸಮಾಜಶಾಸ್ತ್ರ ಬೇರೆ. ಎರಡರ ಒಳಗೂ ಒಂದೇ ಗಣಿತ! ವಿಜ್ಞಾನಿಗಳು ಸಮೀಕರಣ ಬರೆಯುವುದು ಇದಕ್ಕೇ ಅಲ್ಲವೇ?

"ಎಲ್ಲಾ ಖರೆ. ಸೂತ್ರ ಎಲ್ಲೈತಿ?" ಅಂದರು ಮುಖ್ಯ ತೀರ್ಪುಗಾರರು.

"ಈಗ ಹೇಳಿದ್ನಲ್ರಿ."

"ಬಾಯಿಲೆ ಹೇಳಿದ್ದು ಸೂತ್ರ ಆಗೂದಿಲ್ಲವ್ವಾ. ಎಕ್ಸ್ ಎಲ್ಲೈತಿ, ವೈ ಎಲ್ಲೈತಿ?"

ಅಂಕಪಟ್ಟಿಯಲ್ಲಿ 'ಸೂತ್ರ' ಅಂತ ಒಂದು ಕಾಲಮ್ಮು, ಹತ್ತು ಅಂಕ. ಲಕ್ಕವ್ವನಿಗೆ ಸೊನ್ನೆ.

ಹತ್ತಕ್ಕೆ ಹತ್ತು ಯಾರಿಗೆ? ಗೋಕಾಕದಿಂದ ಬಂದ ಒಂದು ಫ್ಲೆಕ್ಸ್ ಬೋರ್ಡಿಗೆ. ಯಶಸ್ಸು = (ಶ್ರಮ × ಭಕ್ತಿ) ÷ ಆಸೆ. ಸುತ್ತ ಗ್ರೀಕ್ ಅಕ್ಷರಗಳ ತೋರಣ. ಭಕ್ತಿಯನ್ನು ಅಳೆಯುವುದು ಯಾವುದರಲ್ಲಿ ಸ್ವಾಮಿ, ಸೇರಿನಲ್ಲೋ ಫೂಟಿನಲ್ಲೋ? ಆಸೆ ಸೊನ್ನೆಯಾದರೆ ಭಾಗಿಸುವುದು ಹೇಗೆ? ಕೇಳಿಯೇಬಿಟ್ಟೆ. (ಬಾಯಿ ಮುಚ್ಚಿಕೊಂಡು ಕೂರುವ ಆಸಾಮಿ ನಾನಲ್ಲ, ನಿಮಗೆ ಗೊತ್ತು.) ಹುಕ್ಕೇರಿಯಿಂದ ಬಂದಿದ್ದ ಮೂರನೇ ತೀರ್ಪುಗಾರರು ನನ್ನ ಮೊಣಕೈ ತಿವಿದು, ಡಿಬೇಟ್ ಮಾಡಾಕ ಬಂದೀರೇನ್ರಿ, ಚಾ ಆರಾಕತ್ತೈತಿ ಅಂದರು. ಇಬ್ಬರು ಆ ಕಡೆ, ನಾನೊಬ್ಬ ಈ ಕಡೆ. ಫ್ಲೆಕ್ಸು ಬೆಳಗಾವಿಗೆ ಹೊರಟಿತು.

ಎಕ್ಸ್, ವೈ ಮೇಲೆ ನನಗೆ ಸಿಟ್ಟಿಲ್ಲ. ಲಕ್ಕವ್ವನ ಮಾತನ್ನು ಅಕ್ಷರಕ್ಕಿಳಿಸಲು ಒಂದು ಸಾಲು ಸಾಕು. ಅದನ್ನು ಕಲಿಸಬೇಕಾದವರು ನಾವು. ನನ್ನ ಸಿಟ್ಟು ಸಮೀಕರಣವನ್ನು ಬಾಸಿಂಗದಂತೆ ಹಣೆಗೆ ಕಟ್ಟಿಕೊಳ್ಳುವವರ ಮೇಲೆ. ಸಮೀಕರಣ ಅಲಂಕಾರವಲ್ಲ, ಪಣ. ಸೋಲುವ ಧೈರ್ಯ ಇದ್ದವರು ಮಾತ್ರ ಕಟ್ಟಬೇಕು.

ಕಾಳನ್ನೂ ಹಿಕ್ಕೆಯನ್ನೂ ಬೇರೆ ಬೇರೆ ಚೀಲಕ್ಕೆ ತುಂಬುತ್ತ ಲಕ್ಕವ್ವ ನನ್ನನ್ನು ಕೇಳಿದಳು: "ಸರ, ನನ್ನ ಲೆಕ್ಕ ಎರಡ ಕುರಿ ತಪ್ಪಿತ್ರಿ. ಆ ಬೋರ್ಡಿನವರದು ತಪ್ಪಬೇಕಂದ್ರ ಏನಾಗಬೇಕ್ರಿ?"

ನಮ್ಮ ಅಂಕಪಟ್ಟಿಯಲ್ಲಿ ಈ ಪ್ರಶ್ನೆಗೆ ಕಾಲಮ್ಮೇ ಇರಲಿಲ್ಲ.