ಹಿಂಬದಿ ಹಾಗೇ ಇರಲಿ

ನಮ್ಮಣ್ಣನಿಗೆ ಮಂಕಾದ ವಸ್ತು ಕಂಡರೆ ಕೈ ಸುಮ್ಮನಿರುವುದಿಲ್ಲ. ಕುಕ್ಕರಿನ ಮುಚ್ಚಳ, ಬಾಗಿಲ ಚಿಲಕ, ಮೆಟ್ಟಿಲ ಪಕ್ಕದ ಕಂಬಿ, ಮನೆಯಲ್ಲಿ ಯಾವುದನ್ನೂ ಬಿಟ್ಟವನಲ್ಲ. ಒಂದು ಭಾನುವಾರ ಪಕ್ಕದ ಮನೆಯವರ ಸ್ಕೂಟರನ್ನೂ ಅವರನ್ನು ಒಂದು ಮಾತು ಕೇಳದೆ ಉಜ್ಜಿ ನಿಲ್ಲಿಸಿದ್ದ. ಸಂಜೆ ಆ ಮನುಷ್ಯ ತನ್ನ ಗಾಡಿಯ ಮುಂದೆಯೇ ನಿಂತು ಗಾಡಿ ಕಳುವಾಯಿತೆಂದು ಬೊಬ್ಬೆ ಹೊಡೆದ. ಅತ್ತಿಗೆ ನಕ್ಕು ನಕ್ಕು ಸುಸ್ತಾದಳು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಯಾರೂ ಕೇಳದ ಉಪಕಾರ ಮಾಡುವ ಈ ಚಾಳಿ ಬಿಡು ಮಾರಾಯ ಎಂದು ಚೆನ್ನಾಗಿ ಬೈದೆ. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ.

ಅವನ ಹೊಟ್ಟೆಪಾಡೂ ಅದೇ. ನೀರಿನಿಂದ ಮೇಲೆತ್ತಿ, ಕಬ್ಬಿಣದ ಆನಿಕೆ ಕೊಟ್ಟು ನಿಲ್ಲಿಸಿದ ದೊಡ್ಡ ಮೋಟಾರು ದೋಣಿಗಳ ಮೈಗೆ ಹೊಳಪು ಕೊಡುವುದು. ಫೈಬರ್ ದೋಣಿಯ ಮೇಲೆ ಬಣ್ಣದ್ದೊಂದು ತೆಳು ಪದರವಿರುತ್ತದೆ. ಬಿಸಿಲಿಗೂ ಉಪ್ಪುಗಾಳಿಗೂ ಅದು ಸತ್ತು ಸುಣ್ಣ ಬಿಡುತ್ತದೆ. ಬೆರಳಿಟ್ಟರೆ ಬಿಳಿ ಪುಡಿ ಅಂಟುತ್ತದೆ. ಆ ಸತ್ತದ್ದನ್ನು ನೀರು ಬಿಟ್ಟುಕೊಂಡು ಸ್ಯಾಂಡ್‌ಪೇಪರಿನಿಂದ ಉಜ್ಜಿ ತೆಗೆಯಬೇಕು. ಆಮೇಲೆ ಕಾಂಪೌಂಡ್ ಎಂಬ ಉಜ್ಜುವ ಪೇಸ್ಟು ಹಚ್ಚಿ, ಮೆತ್ತನೆ ಚಕ್ರ ಗರಗರ ತಿರುಗುವ ಬಫಿಂಗ್ ಮಷಿನ್ ಓಡಿಸಬೇಕು, ಕೊನೆಗೆ ವ್ಯಾಕ್ಸ್. ಆಗ ಕೆಳಗಿನ ಬಣ್ಣ ಮೇಲೆದ್ದು ಬರುತ್ತದೆ. ಸ್ವಲ್ಪ ಹೆಚ್ಚು ಒತ್ತಿದರೆ ಪದರವೇ ಸವೆದು ಒಳಗಿನ ಫೈಬರ್ ಹಲ್ಲು ಕಿಸಿಯುತ್ತದೆ. ಅಂಥ ತಪ್ಪು ನಮ್ಮಣ್ಣ ಮಾಡಿದ್ದನ್ನು ಯಾರೂ ಕಂಡಿಲ್ಲ. ದೋಣಿಗಳನ್ನು ರಿಪೇರಿಗೆ ನಿಲ್ಲಿಸುವ ಆ ಯಾರ್ಡಿನಲ್ಲಿ ಅವನಿಗೆ ‘ಕನ್ನಡಿ’ ಎಂದೇ ಹೆಸರು. ಅಲ್ಲೇ ಮೂಲೆಯ ಶೆಡ್ಡಿನಲ್ಲಿ ಕೂತು ದೋಣಿಗಳ ಸೀಟಿಗೆ ಹೊದಿಕೆ ಹೊಲಿಯುವವಳು ನಾನು. ‘ಕನ್ನಡಿ ತಂಗಿ’ ಎಂದು ನನ್ನನ್ನು ಕರೆದು ಬೈಸಿಕೊಂಡವರು ಬಹಳ ಜನ.

ಅಪ್ಪ ಹೋದ ಮೇಲೆ ಶಾಲೆ ಬಿಟ್ಟು ಬಸ್ ಡಿಪೋದಲ್ಲಿ ಬಸ್ಸು ತೊಳೆಯಲು ಸೇರಿದ್ದ ಅಣ್ಣ. ಅಲ್ಲಿಂದ ಕಾರಿನ ಗ್ಯಾರೇಜು, ಗ್ಯಾರೇಜಿನಿಂದ ದೋಣಿಗೆ. ನನ್ನನ್ನು ಸಾಕಿದ್ದು, ಹೊಲಿಗೆ ಯಂತ್ರ ಕೊಡಿಸಿದ್ದು ಅವನೇ. ಅದಕ್ಕೆಂದು ನಾನು ಅವನನ್ನು ಹೊಗಳುತ್ತ ಕೂರುವವಳಲ್ಲ. ತಪ್ಪಾಯಿತು ಎಂಬ ಮಾತು ಅವನ ಬಾಯಲ್ಲಿ ಬಂದದ್ದನ್ನು ನಾನಂತೂ ಕೇಳಿರಲಿಲ್ಲ. ಅತ್ತಿಗೆಯ ಹತ್ತಿರ ಜಗಳವಾಡಿದರೆ ಬೆಳಗ್ಗೆ ಎದ್ದು ಸೋರುವ ನಲ್ಲಿ ರಿಪೇರಿ ಮಾಡುತ್ತಿದ್ದ. ನನ್ನ ಹತ್ತಿರ ಆಡಿದರೆ ನನ್ನ ಕತ್ತರಿಗೆ ಸಾಣೆ ಹಿಡಿಸಿ ತಂದು ಮೇಜಿನ ಮೇಲಿಡುತ್ತಿದ್ದ. ಅಷ್ಟಕ್ಕೆ ನಾವು ಸಮಾಧಾನ ಮಾಡಿಕೊಳ್ಳಬೇಕಿತ್ತು, ಮಾಡಿಕೊಳ್ಳುತ್ತಿದ್ದೆವು.

ಅವನದು ಇನ್ನೊಂದು ಪದ್ಧತಿ. ಯಾವ ದೋಣಿ ಹಿಡಿದರೂ ಹೇಳಿದ ಕೆಲಸದ ಜೊತೆ ಹೇಳದ ಒಂದು ಕೆಲಸ ಸೇರಿಸಿ ಕೊಡುತ್ತಿದ್ದ. ಅಂಗಡಿಯವರು ತೂಕದ ಮೇಲೆ ಒಂದು ಹಿಡಿ ಕೊಸರು ಹಾಕುವುದಿಲ್ಲವೇ, ಹಾಗೆ. ಒಬ್ಬರಿಗೆ ಏಣಿ ಉಜ್ಜಿದ, ಇನ್ನೊಬ್ಬರಿಗೆ ಚುಕ್ಕಾಣಿ ಚಕ್ರ. ಯಜಮಾನರು ಬಂದು ನೋಡಿ, ಅರೆ, ಇದನ್ನೂ ಮಾಡಿದ್ದೀರಾ ಎಂದು ಹುಬ್ಬೇರಿಸಬೇಕು, ಇವನು ಅತ್ತ ಮುಖ ತಿರುಗಿಸಿ ಕೈ ಒರೆಸಿಕೊಳ್ಳಬೇಕು. ಆ ಒಂದು ಗಳಿಗೆಗಾಗಿ ಪ್ರಾಣ ಬಿಡುತ್ತಿದ್ದ.

ನಮ್ಮ ಯಾರ್ಡಿನ ಕೊನೆಯಲ್ಲಿ ಗಾಢ ನೀಲಿಯ ಒಂದು ದೊಡ್ಡ ದೋಣಿ ಇತ್ತು. ನೀಲಿ ಎನ್ನುವುದು ಹೆಸರಿಗಷ್ಟೇ; ಬಿಸಿಲಿಗೆ ಬಿದ್ದು ಬಿದ್ದು ಒರೆಸದ ಕರಿಹಲಗೆಯ ಬಣ್ಣಕ್ಕೆ ತಿರುಗಿತ್ತು. ಅದರ ಯಜಮಾನರು ಒಳ್ಳೆಯ ಅನುಕೂಲಸ್ಥರು. ಎಂಜಿನ್ನು, ಹಗ್ಗ, ಸೀಟು ಎಲ್ಲ ಅಚ್ಚುಕಟ್ಟು. ಮೈಗೆ ಮಾತ್ರ ಒಂದು ತೊಟ್ಟು ಪಾಲಿಶ್ ಹಾಕಗೊಡುತ್ತಿರಲಿಲ್ಲ. ಪ್ರತಿ ವರ್ಷ ಅಣ್ಣ ಹೋಗಿ ಕೇಳುವುದು, ಅವರು ಬೇಡ ಎನ್ನುವುದು. ಜಿಪುಣ ಮುದುಕ ಎಂದು ಯಾರ್ಡೆಲ್ಲ ಆಡಿಕೊಳ್ಳುತ್ತಿತ್ತು. ನಾನೂ ಆಡಿಕೊಂಡವಳೇ, ಸುಳ್ಳೇಕೆ ಹೇಳಲಿ. ಸಂಜೆ ದೋಣಿಯ ಹಿಂಬದಿಗೆ ಒಂದು ಸ್ಟೂಲು ಹಾಕಿಕೊಂಡು ಒಬ್ಬರೇ ಕೂತಿರುತ್ತಿದ್ದರು.

ಅವರು ತೀರಿಹೋದ ಮೇಲೆ ಅವರ ಹೆಂಡತಿ ಬಂದರು. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಎಲ್ಲರಿಗೂ ಟೀಚರಮ್ಮ. ದೂರದಲ್ಲಿದ್ದ ಮಗಳು ಎಷ್ಟೋ ವರ್ಷದ ಮೇಲೆ ಬರುತ್ತಿದ್ದಾಳೆ, ಅವಳನ್ನು ಒಮ್ಮೆ ಈ ದೋಣಿಯ ಹತ್ತಿರ ಕರೆತರಬೇಕು, ಅಷ್ಟರೊಳಗೆ ಮೈ ಚೆನ್ನಾಗಿ ಮಾಡಿಕೊಡಿ ಎಂದರು. ಅಣ್ಣನ ಮುಖ ಅರಳಿತು. ಎಷ್ಟು ವರ್ಷದ ಆಸೆ! ಹೊರಡುವಾಗ ಟೀಚರಮ್ಮ ಬಾಗಿಲ ಹತ್ತಿರ ನಿಂತು ಹೇಳಿದ ಮಾತು ನನ್ನ ಹೊಲಿಗೆ ಯಂತ್ರದವರೆಗೂ ಕೇಳಿಸಿತು.

"ಹಿಂಬದಿ ಮಾತ್ರ ಮುಟ್ಟಬೇಡಿ ಮೇಸ್ತ್ರಿ. ಅದು ಹಾಗೇ ಇರಲಿ."

ಆಯಿತು ಎಂದ ಅಣ್ಣ. ಯಾಕೆ ಎಂದು ಅವನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹಿಂಬದಿಯಲ್ಲಿ ಏನಿತ್ತು ಎಂದರೆ, ಒಂದು ಹೆಸರಿನ ನೆರಳು. ಹಿಂದೆ ಯಾವಾಗಲೋ ಅಲ್ಲಿ ಪ್ಲಾಸ್ಟಿಕ್ ಅಕ್ಷರಗಳನ್ನು ಅಂಟಿಸಿ ಆಮೇಲೆ ಕಿತ್ತಿದ್ದರು. ಅಕ್ಷರದ ಅಡಿಯಲ್ಲಿದ್ದ ಬಣ್ಣಕ್ಕೆ ಬಿಸಿಲು ತಾಗದೆ ಅದು ಮೊದಲಿನಂತೆಯೇ ಉಳಿದು, ಸುತ್ತಲಿನದು ಮಾತ್ರ ಬೆಳ್ಳಗಾಗಿತ್ತು. ಹಾಗಾಗಿ ಅಕ್ಷರ ಇಲ್ಲದಿದ್ದರೂ ಹೆಸರು ಓದಲು ಬರುತ್ತಿತ್ತು. ನೀರು ಹಾಕಿದರೆ ಮುಳುಗುವುದು, ಒಣಗಿದರೆ ಮತ್ತೆ ಏಳುವುದು. ಹೆಸರು ಯಾವುದೆಂದು ನಾನು ಹೇಳುವುದಿಲ್ಲ, ಅದು ಅವರ ಮನೆಯದು.

ಎರಡೂ ಬದಿ, ಮೂತಿ, ಮೇಲಿನ ಕೋಣೆ ಎಲ್ಲ ಮುಗಿದಾಗ ದೋಣಿ ಹೇಗೆ ಕಂಡಿತೆಂದರೆ, ಕೆಲಸ ಬಿಟ್ಟು ಜನ ನೋಡಲು ಬಂದರು. ಹಿಂಬದಿ ಮಾತ್ರ ಸುಣ್ಣ ಬಿಟ್ಟುಕೊಂಡು ಹಾಗೇ. ಅಣ್ಣ ಅದರ ಮುಂದೆ ಹೋಗಿ ಬಂದು ಮಾಡಿದ. ನನ್ನ ಶೆಡ್ಡಿಗೆ ಬಂದು ಚಹಾ ಕುಡಿಯುತ್ತ, ಪಾಪ, ಒಂಟಿ ಹೆಂಗಸು, ಖರ್ಚು ಉಳಿಸಲು ಹಾಗೆ ಹೇಳಿರಬೇಕು ಎಂದ. ಹೊಸ ಸೀರೆಗೆ ಹಳೇ ತೇಪೆ ಹಾಕಿದ ಹಾಗಿದೆ ಕಣೇ, ಮಗಳು ಬಂದು ನೋಡಿದರೆ ಏನೆಂದುಕೊಂಡಾಳು ಎಂದ. ಬೇಡ ಅಂದಿದ್ದಾರಲ್ಲ, ನಿನಗ್ಯಾಕೆ ಅಧಿಕಪ್ರಸಂಗ ಎಂದೆ ನಾನು. ಅವನು ಲೋಟ ಇಟ್ಟು ಹೋದ. ಸ್ವಲ್ಪ ಹೊತ್ತಿಗೆ ಮಷಿನ್ನಿನ ಸದ್ದು ಕೇಳಿಸಿತು. ಮೂತಿಯ ಕಡೆ ಇನ್ನೊಂದು ಸುತ್ತು ಹೊಡೆಯುತ್ತಿದ್ದಾನೆಂದು ನಾನು ಹೊಲಿಗೆಯಲ್ಲಿ ಮುಳುಗಿದೆ.

ಸಂಜೆ ನೋಡಿದರೆ ಹಿಂಬದಿ ಝಗಝಗ ಎನ್ನುತ್ತಿದೆ. ಅಣ್ಣ ನೀರು ಎರಚಿ, ಒಣಗುವವರೆಗೆ ಕಾದು, ಅಕ್ಷರ ಎಲ್ಲಾದರೂ ಏಳುತ್ತದೆಯೇ ಎಂದು ಬಗ್ಗಿ ಬಗ್ಗಿ ನೋಡುತ್ತಿದ್ದ. ಒಂದು ಗೆರೆಯೂ ಏಳಲಿಲ್ಲ. ಇದು ಟೀಚರಮ್ಮನಿಗೆ ನನ್ನ ಕೊಸರು ಎಂದು ಬೀಗಿದ. ಆ ಹೊತ್ತಿನಲ್ಲಿ ಅವನ ಮುಖ ನೋಡಿ ಬೈಯಲೂ ಮನಸ್ಸು ಬರಲಿಲ್ಲ.

ಮಾರನೆಯ ದಿನ ಟೀಚರಮ್ಮ ಒಬ್ಬರೇ ಬಂದರು. ಬದಿಯಿಂದ ನೋಡುತ್ತ ಬಂದವರು ಮೆಚ್ಚಿ ತಲೆಯಾಡಿಸಿದರು. ಹಿಂಬದಿಗೆ ಬಂದವರೇ ನಿಂತರು. ಅಣ್ಣ ಅತ್ತ ಮುಖ ತಿರುಗಿಸಿ ಕೈ ಒರೆಸಿಕೊಳ್ಳುತ್ತಿದ್ದ. ಕಾಯುತ್ತಿದ್ದ ‘ಅರೆ’ ಬಾರದಿದ್ದಾಗ ತಿರುಗಿ ನೋಡಿದ. ಟೀಚರಮ್ಮ ಬಿದ್ದಿದ್ದ ಒಂದು ಡಬ್ಬಿಯ ಮೇಲೆ ಕೂತುಬಿಟ್ಟಿದ್ದರು. ನಾನು ನೀರು ತಂದುಕೊಟ್ಟೆ. ಕುಡಿಯಲಿಲ್ಲ.

ಅವರು ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ, ಪಾಠ ಒಪ್ಪಿಸುವವರ ಹಾಗೆ ಹೇಳಿದರು. ಆ ಹೆಸರು ಮಗಳದು. ಅಪ್ಪನಿಗೂ ಮಗಳಿಗೂ ದೊಡ್ಡ ಜಗಳವಾಗಿ, ಯಜಮಾನರು ಸಿಟ್ಟಿನಲ್ಲಿ ಅವಳ ಕಣ್ಣೆದುರಿಗೇ ಆ ಅಕ್ಷರಗಳನ್ನು ಕೆರೆದು ತೆಗೆದಿದ್ದರು. ಅವಳು ಅದನ್ನು ನೋಡಿಯೇ ಮನೆ ಬಿಟ್ಟು ಹೋದದ್ದು, ಆಮೇಲೆ ಬರಲಿಲ್ಲ. ಕೆಲವು ತಿಂಗಳಿಗೆ ಅಂಟಿನ ಕೊಳೆ ತೊಳೆದುಹೋಗಿ ಹೆಸರು ನೆರಳಾಗಿ ಎದ್ದು ಕಂಡಿತು. ಅಂದಿನಿಂದ ಯಜಮಾನರು ದೋಣಿಯ ಮೈ ಯಾರಿಗೂ ಮುಟ್ಟಗೊಡಲಿಲ್ಲ. ಸುತ್ತ ಮಂಕಾದಷ್ಟೂ ಹೆಸರು ಚೆನ್ನಾಗಿ ಕಾಣುತ್ತದೆ, ಇನ್ನೂ ಮಂಕಾಗಲಿ ಎನ್ನುತ್ತಿದ್ದರಂತೆ. ಮಗಳಿಗೆ ಒಂದು ಮಾತು ಹೇಳಿ ಕಳಿಸಲು ಅವರ ಹಟ ಬಿಡಲಿಲ್ಲ. ದಿನಾ ಬಂದು ಅದರ ಮುಂದೆ ಕೂರುವುದನ್ನೂ ಬಿಡಲಿಲ್ಲ.

"ಅವಳಿಗೆ ತೋರಿಸೋಕೆ ನನ್ನ ಹತ್ರ ಇದೊಂದೇ ಇತ್ತು ಮೇಸ್ತ್ರಿ," ಎಂದರು ಟೀಚರಮ್ಮ.

ಅಣ್ಣ ಹೊಸ ಅಕ್ಷರ ಬರೆಸಿಕೊಡುತ್ತೇನೆ, ಅದೇ ಅಳತೆ, ಅದೇ ಜಾಗ ಎಂದು ತೊದಲಿದ. ಬೇಡ, ಅದನ್ನು ಯಾರು ಬೇಕಾದರೂ ಬರೆಯಬಹುದು ಎಂದು ಅವರು ಎದ್ದು ಹೋದರು.

ಅಂದು ಅವನು ಹಿಂಬದಿಯ ವ್ಯಾಕ್ಸನ್ನೆಲ್ಲ ಸ್ಪಿರಿಟ್ ಹಾಕಿ ಒರೆಸಿ ತೆಗೆದ. ಅದರ ಕೆಳಗೆ ಅಕ್ಷರದ ಒಂದು ಕಾಲು, ಒಂದು ಕೊಂಬು, ಏನಾದರೂ ಉಳಿದಿದ್ದೀತೇ ಎಂಬ ಆಸೆ. ನೀರು ಎರಚುತ್ತಾನೆ, ಒಣಗಲು ಬಿಡುತ್ತಾನೆ, ಮುಖವಿಟ್ಟು ಹುಡುಕುತ್ತಾನೆ, ಮತ್ತೆ ನೀರು. ನಿನ್ನೆ ಏಳಬಾರದೆಂದು ಕಾದವನು ಇಂದು ಏಳಲೆಂದು ಕಾಯುತ್ತಿದ್ದ. ನನಗೆ ಪಾಪ ಎನಿಸಿತು. ಸಿಟ್ಟೂ ಬಂತು. ಆಗಲೇ ಹೇಳಿದ್ದೆನಲ್ಲ ಎಂಬ ಮಾತು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ನನ್ನ ಇಡೀ ಜೀವಮಾನದಲ್ಲಿ ಹಾಗೆ ನುಂಗಿಕೊಂಡದ್ದು ಅದೊಂದೇ ಸಲ ಇರಬೇಕು.

ಮನೆಯಲ್ಲಿ ಊಟದ ಮುಂದೆ ಕೂತು ಕೈ ತೊಳೆದು ಎದ್ದ. ಅತ್ತಿಗೆ ಏನಾಯಿತೆಂದು ಕೇಳಿದರೆ ಏನಿಲ್ಲ ಎಂದ. ಬೆಳಗ್ಗೆ ಯಾವ ನಲ್ಲಿಯನ್ನೂ ರಿಪೇರಿ ಮಾಡಲಿಲ್ಲ. ಇದಕ್ಕೆ ರಿಪೇರಿಯಿಲ್ಲ ಎಂದು ಅವನಿಗೆ ಗೊತ್ತಾಗಿತ್ತು.

ಮಗಳು ಬಂದ ದಿನ ಅವನು ಯಾರ್ಡಿಗೆ ಬಾರದೆ ತಪ್ಪಿಸಿಕೊಳ್ಳುತ್ತಾನೆ ಎಂದುಕೊಂಡಿದ್ದೆ. ಬಂದ. ತೊಳೆದ ಅಂಗಿ ಹಾಕಿಕೊಂಡು ನನ್ನ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಟೀಚರಮ್ಮ ಮಗಳನ್ನು ಕರೆದುಕೊಂಡು ನೇರ ಹಿಂಬದಿಗೇ ಬಂದರು. ಮಗಳಿಗೂ ಕಿವಿಯ ಪಕ್ಕ ಕೂದಲು ನರೆತಿತ್ತು. ಇಲ್ಲಿ ನಿನ್ನ ಹೆಸರಿತ್ತು, ಮೊನ್ನೆಮೊನ್ನೆಯವರೆಗೂ ಇತ್ತು, ಅಪ್ಪ ಕಾಪಾಡಿಕೊಂಡು ಬಂದಿದ್ದರು ಎಂದು ತಾಯಿ ಹೇಳುತ್ತಿದ್ದರು. ಮಗಳು ಅಷ್ಟನ್ನೂ ಕೇಳಿ, ತಾಯಿಯ ಭುಜದ ಮೇಲೆ ಕೈಯಿಟ್ಟಳು.

"ಅಮ್ಮಾ, ಅವರು ಕೆರೆದು ಹಾಕಿದ್ದನ್ನ ನಾನೇ ನಿಂತು ನೋಡಿದ್ದೀನಿ. ನನ್ನ ಸಮಾಧಾನಕ್ಕೆ ಕತೆ ಕಟ್ಟಬೇಡ ಬಿಡು."

ಗಂಡನ ಪರವಾಗಿ ಇದ್ದ ಒಂದೇ ಸಾಕ್ಷಿಯೂ ಹೋಗಿ ಟೀಚರಮ್ಮ ಮಗಳ ಮುಂದೆ ಸುಳ್ಳಿಯಾಗಿ ನಿಂತಿದ್ದರು. ನನಗೆ ಕಣ್ಣಲ್ಲಿ ನೀರು ಬಂತು. ಅಣ್ಣ ಬಾಗಿಲು ಬಿಟ್ಟು ನಡೆದ.

"ಕತೆ ಅಲ್ಲ ತಾಯೀ. ಹೆಸರಿತ್ತು. ನಾನೇ ಉಜ್ಜಿ ತೆಗೆದೆ. ನಿಮ್ಮಮ್ಮ ಮುಟ್ಟಬೇಡಿ ಅಂದಿದ್ರು, ನಾನು ಕೇಳಲಿಲ್ಲ. ತಪ್ಪಾಯ್ತು."

ಮಗಳು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಹೀಗೆ ಹೇಳಲು ಅಮ್ಮ ಹೇಳಿಕೊಟ್ಟರಾ ಎಂದು ಕೇಳಿದಳು. ಸಿಟ್ಟೇನೂ ಇರಲಿಲ್ಲ, ದಣಿವಿತ್ತು. ಅಣ್ಣ ಇಲ್ಲವೆಂದು ತಲೆಯಾಡಿಸಿ, ನೆನಪು ಮಾಡಿಕೊಳ್ಳುತ್ತ ನಿಂತ.

"ಮೂರನೇ ಅಕ್ಷರ ಸ್ವಲ್ಪ ವಾಲಿತ್ತು. ಉಳಿದವುಕ್ಕಿಂತ ಒಂದು ಬೆರಳು ಕೆಳಗೆ. ಅದರ ಹೊಟ್ಟೇಲಿ ಗಾಳಿ ಸೇರ್ಕೊಂಡು ಒಂದು ಗುಳ್ಳೆ ಗುರುತಿತ್ತು. ಅದನ್ನ ತೆಗೆಯೋಕೇ ನನಗೆ ಬಹಳ ಹೊತ್ತು ಹಿಡೀತು."

ಮಗಳ ಕೈ ತಾಯಿಯ ಭುಜದಿಂದ ಜಾರಿತು. ಆ ಅಕ್ಷರ ಅಂಟಿಸಿದ್ದು ತಾನು ಎಂದಳು. ಅಪ್ಪನ ಹೆಗಲ ಮೇಲೆ ಕೂತು ಅಂಟಿಸಿದ್ದಂತೆ. ಸರಿಮಾಡೋಣ ಎಂದು ಅವಳೇ ಅತ್ತರೂ, ಇದೇ ಚೆನ್ನಾಗಿದೆ ಎಂದು ಅಪ್ಪ ಬಿಡಲಿಲ್ಲವಂತೆ.

"ಇಷ್ಟು ವರ್ಷ ಅವರದೇ ತಪ್ಪು ಅಂದ್ಕೊಂಡು ನೆಮ್ಮದಿಯಾಗಿದ್ದೆ," ಎಂದಳು. "ಅಪ್ಪ ಹೋದಾಗ ಮುಖ ನೋಡೋಕೂ ಬರಲಿಲ್ಲ."

ಟೀಚರಮ್ಮ ಮಗಳನ್ನು ಹತ್ತಿರ ಎಳೆದುಕೊಂಡರು. ಅಣ್ಣ ತಲೆ ತಗ್ಗಿಸಿ ನಿಂತಿದ್ದ. ತನ್ನ ತಪ್ಪು ಒಪ್ಪಿಕೊಂಡು ಹಗುರಾಗಲು ಬಂದವನು ಆ ಹೆಣ್ಣುಮಗಳ ತಲೆಯ ಮೇಲೊಂದು ಭಾರ ಹೊರಿಸಿದ್ದೇನೆ ಎಂದು ಅವನಿಗೆ ಆಗಲೇ ಅರ್ಥವಾಗಿತ್ತು. ಆಮೇಲೆ ಅವಳು ಕಣ್ಣೊರೆಸಿಕೊಂಡು, ಆ ಅಕ್ಷರ ಇದ್ದ ಜಾಗ ತೋರಿಸುತ್ತೀರಾ, ಒಂದು ಸಲ ಕೈಯಿಟ್ಟು ನೋಡುತ್ತೇನೆ ಎಂದು ಕೇಳಿದಳು.

ಅಣ್ಣ ಮುಂದೆ ಬಂದು ದೋಣಿಯ ಮೇಲೆ ಬೆರಳಿಟ್ಟ. ಇಲ್ಲಿ ಎಂದ. ಅಲ್ಲ, ಇನ್ನೂ ಸ್ವಲ್ಪ ಈಚೆ ಎಂದ. ಬೆರಳು ಆ ತುದಿಯವರೆಗೆ ಹೋಯಿತು, ವಾಪಸು ಬಂತು, ಮೇಲೆ ಹೋಯಿತು, ಮತ್ತೆ ಕೆಳಗೆ. ಅವಳು ಕೈ ಚಾಚಿಕೊಂಡು ಕಾಯುತ್ತಿದ್ದಳು.

"ಗೊತ್ತಾಗ್ತಿಲ್ಲ ತಾಯೀ," ಎಂದ ಅಣ್ಣ. "ಎಲ್ಲಾ ಕಡೆ ಒಂದೇ ಸಮ ಮಾಡಿಬಿಟ್ಟಿದ್ದೀನಿ."