ಮೇಷ್ಟ್ರ ತೆರಿಗೆ, ಅಪ್ಪನ ಪಿಕಪ್

ಮೊನ್ನೆ ದೇವಾಲ ಪೇಟೆಯ ಪೆಟ್ರೋಲ್ ಬಂಕಿನಲ್ಲಿ ಅಪ್ಪ ಪಿಕಪ್‌ಗೆ ಡೀಸೆಲ್ ಹಾಕಿಸುತ್ತಿದ್ದರು. ಹಿಂದೆ ಚೀಲಗಳಲ್ಲಿ ಹಸಿ ಟೀ ಎಲೆ. ಅದರ ಬಿಸಿ ವಾಸನೆಗೆ ಡೀಸೆಲ್ ವಾಸನೆ ಬೆರೆತು ಕಿಟಕಿಯಿಂದ ಒಳಗೆ ಕೂತಿದ್ದ ನನ್ನ ಮೂಗಿಗೆ ಬಂತು. ಪಕ್ಕದ ಮನೆಯ ಮೇಷ್ಟ್ರು ನೆನಪಾದರು. ಇದೇ ವಾಸನೆಯ ನಡುವೆ, ನಮ್ಮ ಕಡೆ ವಂಡಿ ಅನ್ನುವ ಇದೇ ಪಿಕಪ್‌ಗೆ ಒರಗಿ ನಿಂತು ಅವರು ಅಪ್ಪನ ಜೊತೆ ವಾದಕ್ಕಿಳಿಯುತ್ತಿದ್ದರು…

ಅವರು ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ನಮ್ಮ ಹಾಗೆಯೇ ಮೈಸೂರು ಕಡೆಯಿಂದ ಬಂದ ಮನೆತನ, ನಮ್ಮ ಹಾಗೆಯೇ ಅಂಗೈ ಅಗಲದ ಟೀ ತೋಟ. ಡೀಸೆಲ್ ಬೆಲೆ ಏರಿ ಊರೆಲ್ಲ ಸರ್ಕಾರಕ್ಕೆ ಶಾಪ ಹಾಕುತ್ತಿದ್ದ ದಿನವೇ, ಟೀ ಅಂಗಡಿಯಲ್ಲಿ ಕೂತು, ಡೀಸೆಲ್ ಮೇಲಿನ ತೆರಿಗೆ ಇನ್ನೂ ಏರಬೇಕು ಅಂದುಬಿಟ್ಟರು ಪುಣ್ಯಾತ್ಮ.

"ಒಂದೇ ಏಟಿಗೆ ಬೇಡಪ್ಪಾ. ಮೊದಲೇ ಹೇಳಿ, ವರ್ಷಾ ವರ್ಷಾ ಚೂರು ಚೂರೇ ಏರಿಸಲಿ. ಜನಕ್ಕೆ ಅಭ್ಯಾಸ ಬದಲಾಯಿಸ್ಕೊಳ್ಳೋಕೆ ಟೈಮ್ ಸಿಗ್ತದೆ. ಸುಮ್‌ಸುಮ್ನೆ ಡೀಸೆಲ್ ಸುಡೋದು ನಿಲ್ತದೆ."

ಅಪ್ಪನಿಗೆ ಮೈಯೆಲ್ಲ ಉರಿಯಿತು. "ನಿಮ್ಮ ಪೆನ್ಷನ್ನೂ ವರ್ಷಾ ವರ್ಷಾ ಏರ್ತದೆ ಮೇಷ್ಟ್ರೇ. ನನ್ಗೆ ಯಾರು ಏರಿಸ್ತಾರೆ? ಹಿಂಗೇ ಆದ್ರೆ ದೀಪಾವಳಿಯೊಳಗೆ ವಂಡಿ ಮಾರ್ತೀನಿ."

ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಅಪ್ಪ ಬರೀ ಕೋಪಕ್ಕೆ ಅಂದದ್ದಲ್ಲ. ಅವರಿಗೆ ಬಾಡಿಗೆ ಸಿಗುತ್ತಿದ್ದುದು ಫ್ಯಾಕ್ಟರಿಗೆ ಮುಟ್ಟಿಸಿದ ಊರವರ ಎಲೆಯ ತೂಕಕ್ಕೆ, ಡೀಸೆಲ್ ಖರ್ಚು ಅವರದೇ. ಕಿತ್ತ ಎಲೆ ಚೀಲದಲ್ಲಿ ಕಾದರೆ ಕೆಡುತ್ತದೆಂದು ಎಲ್ಲ ಮನೆಯವರೂ ತಮ್ಮದೇ ಮೊದಲು ಹೋಗಬೇಕೆಂದು ಹಟ ಹಿಡಿಯುತ್ತಿದ್ದರು. ಹಾಗಾಗಿ ವಂಡಿ ಅರ್ಧ ಖಾಲಿಯಾಗಿಯೇ ದಿನವಿಡೀ ಬೆಟ್ಟ ಹತ್ತಿ ಇಳಿಯುತ್ತಿತ್ತು. ಅದನ್ನು ಮಾರಿದರೆ ನಾವು ಉಣ್ಣುವುದೇನನ್ನು ಎಂದು ಅಮ್ಮ ಒಲೆಯ ಮುಂದೆ ಕೂತು ಯೋಚಿಸುತ್ತಿದ್ದರು.

ಮೇಷ್ಟ್ರು ಮಾತು ಹಿಂತೆಗೆಯಲಿಲ್ಲ, ಆದರೆ ಅಪ್ಪ ಅಂದದ್ದು ಅವರನ್ನು ಚುಚ್ಚಿತ್ತು. ಎಲ್ಲರೂ ಒಂದೇ ದಿನ ಎಲೆ ಕೀಳಿ, ವಂಡಿ ತುಂಬಿ ಹೋಗಲಿ ಎಂದು ಮನೆ ಮನೆಗೂ ಹೇಳಿ ಬಂದರು. ಎಲ್ಲರೂ ತಲೆಯಾಡಿಸಿದರು. ಆ ದಿನ ಬಂದರೆ ಕೀಳುವವರೇ ಇಲ್ಲ! ನಮ್ಮಲ್ಲಿ ಮುಯ್ಯಾಳಿನ ಪದ್ಧತಿ. ಇವತ್ತು ನಿಮ್ಮ ತೋಟಕ್ಕೆ ನಾನು, ನಾಳೆ ನಮ್ಮ ತೋಟಕ್ಕೆ ನೀವು. ಎಲ್ಲ ತೋಟಕ್ಕೂ ಅವೇ ಕೈಗಳು. ಅವತ್ತು ಒಬ್ಬೊಬ್ಬರೂ ಅವರವರ ತೋಟದಲ್ಲಿ ಒಂಟಿಯಾಗಿ ನಿಂತು, ಸಂಜೆಯಾದರೂ ಅರ್ಧ ಕೆಲಸವೂ ಮುಗಿಯಲಿಲ್ಲ. ಉಳಿದದ್ದು ಬಲಿತು, ಫ್ಯಾಕ್ಟರಿಯವರು ಬೇಡವೆಂದರು. ಮೇಷ್ಟ್ರ ಎಲೆಯೂ ಹಾಗೇ ಹೋಯಿತು. ಊರು ಅವರನ್ನು ಗೇಲಿ ಮಾಡಿತು. ಹುಟ್ಟಿದಾಗಿನಿಂದ ಮುಯ್ಯಾಳು ಕಂಡ ನಮ್ಮಲ್ಲೊಬ್ಬರಿಗೂ ಅದು ಹೊಳೆದಿರಲಿಲ್ಲ ಎಂಬುದು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ!

ಮರುದಿನ ಮೇಷ್ಟ್ರು ನಮ್ಮ ಅಂಗಳದಲ್ಲಿ ಹೆಂಗಸರ ನಡುವೆ ಬಂದು ಕೂತರು. "ನೀವೇ ಹೇಳ್ರಮ್ಮಾ, ಹೆಂಗೆ ಮಾಡೋದು?"

"ದಿನಕ್ಕೊಂದು ದಾರಿ ಹಿಡಿಯೋಣ ಮೇಷ್ಟ್ರೇ," ಅಂದರು ಅಮ್ಮ. "ಎಲ್ಲಾರೂ ಸೇರ್ಕೊಂಡು ಒಂದೇ ದಾರಿ ಪಕ್ಕದ ತೋಟಗಳ್ನ ಮುಗ್ಸೋಣ. ವಂಡಿ ಒಂದೇ ಕಡೆ ನಿಲ್ಲಲಿ."

ಚೀಲಗಳಿಗೆ ನೆರಳಾಗಲೆಂದು ಮೇಷ್ಟ್ರು ರಸ್ತೆಯಂಚಿನಲ್ಲಿ ತಗಡಿನ ಶೆಡ್ ಹಾಕಿಸಿದರು. ಅಪ್ಪ ಗೊಣಗುತ್ತಲೇ ವಂಡಿ ತಂದು ನಿಲ್ಲಿಸಿದರು. ಮೊದಲ ಸಲ ತುಂಬಿದ ವಂಡಿ ಮೆಲ್ಲಗೆ ತಿರುವು ದಾಟಿ ಹೋದದ್ದನ್ನು ಹೆಂಗಸರೆಲ್ಲ ನಿಂತು ನೋಡಿದೆವು. ಡೀಸೆಲ್ ಆಮೇಲೂ ಏರಿತು. ದೀಪಾವಳಿ ಬಂತು, ಹೋಯಿತು. ವಂಡಿ ನಮ್ಮ ಅಂಗಳದಲ್ಲೇ ಇತ್ತು.

ಅಪ್ಪ, ಮೇಷ್ಟ್ರು ಇಬ್ಬರೂ ಮತ್ತೆ ಮಾತಾಡಿದರು, ಮತ್ತೆ ಜಗಳವಾಡಿದರು. ತೆರಿಗೆಯ ಮಾತು ಬಂದರೆ ಮಾತ್ರ ಅಪ್ಪ ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ. ಹಾಗೆಯೇ ವರ್ಷಗಳು ಕಳೆದವು… ಮೇಷ್ಟ್ರು ತೀರಿಹೋಗಿ ಈಗ ಎರಡು ಮಳೆಗಾಲ.

ಮೊನ್ನೆ ಬಂಕಿನಲ್ಲಿ ಚೇರಂಬಾಡಿ ಕಡೆಯ ಜೀಪ್ ಡ್ರೈವರೊಬ್ಬ, "ಮತ್ತೆ ಏರಿಸವ್ರೆ, ಇವ್ರ ಮನೆ ಹಾಳಾಗ," ಎಂದು ಬೈದ. ಅಪ್ಪನೂ ದನಿಗೂಡಿಸುತ್ತಾರೆ ಅಂದುಕೊಂಡೆ.

"ಏರಲಿ ಬಿಡಪ್ಪಾ," ಅಂದರು ಅಪ್ಪ. "ಮೆಲ್ಲಗೆ ಏರಿದ್ರೆ ನಾವೂ ದಾರಿ ಹುಡುಕ್ಕೋತೀವಿ."

"ಅದೆಂಗಣ್ಣಾ?" ಎಂದ ಅವನು. ಅಪ್ಪ ನಮ್ಮೂರಿನ ದಿನಕ್ಕೊಂದು ದಾರಿಯ ಕಥೆಯನ್ನೆಲ್ಲ ಹೇಳಿದರು. ಅವನ ಊರಿನಲ್ಲೂ ವಂಡಿಗಳು ಅರ್ಧ ಖಾಲಿಯೇ ಓಡುತ್ತವಂತೆ. ನಾಳೆ ನಾಲ್ಕು ಜನರನ್ನು ಕರೆದುಕೊಂಡು ಬಂದು ನೋಡುತ್ತೇನೆ ಎಂದ.

ವಂಡಿ ಹತ್ತಿದ ಮೇಲೆ ಅಪ್ಪ ಕೀಲಿ ಹಾಕಿ, ತಿರುಗಿಸದೆ, ನನ್ನ ಕಡೆ ನೋಡಿದರು.

"ಈ ಮಾತ್ನ ಮೇಷ್ಟ್ರ ಮುಂದೆ ಅಂದಿದ್ರೆ," ಅಂದರು, "ನನ್ನ ಗಂಟೇನು ಹೋಗ್ತಿತ್ತು."